ಇದೆ ನೋವು

ನನ್ನ ರೂಮು, ಹನ್ನೆರಡನೇ ತಾರೀಕು, ಮಂಗಳವಾರ
ಎರಡನೇ ಪಾಳಿ ಮುಗಿಸಿ ಬಂದಮೇಲೆ

ಪ್ರೀತಿಯ ಅಕ್ಕಾ,

ಹೇಗಿದೀಯ? ಸೊಂಟ ನೋವು ಕಮ್ಮಿ ಆಯ್ತಾ? ಅಮ್ಮ ಹೊಸ ಕನ್ನಡಕ ಹಾಕ್ಕೊಳ್ತಿದಾಳಾ, ಇಲ್ಲಾ ಸವೆದುಹೋಗುತ್ತೆ ಅಂತ ಡಬ್ಬೀಲೇ ಇಟ್ಟಿದಾಳಾ? ಭಾವನ್ನ ಕೇಳ್ದೆ ಅಂತ ಹೇಳು. ಕೈಯೆಲ್ಲ ಗ್ರೀಸು, ಅದಕ್ಕೇ ಬಾಯಲ್ಲಿ ಹೇಳ್ತಾ ಹೋಗ್ತಿದೀನಿ, ಫೋನೇ ಬರ್ಕೊಳ್ತಿದೆ. ಪಕ್ಕದ ಮಂಚದಲ್ಲಿ ಪೇಂಟರ್ ಮಲಗಿದಾನೆ, ಎಬ್ಬಿಸಿದ್ರೆ ನನಗೇ ಬಣ್ಣ ಬಳೀತಾನೆ. ಪಿಸುಗುಟ್ಟಿದ್ರೆ ಈ ಫೋನಿಗೆ ಕಿವಿ ಕೇಳ್ಸಲ್ಲ. ‘ಎದೆ ನೋವು’ ಅಂದ್ರೆ ‘ಇದೆ ನೋವು’ ಅಂತ ಬರೆಯುತ್ತೆ. ನಾನೇ ಮೂರು ಸಲ ತಿದ್ದಿದೆ. ಡಾಕ್ಟರು ಇಲ್ಲ ಅಂತಾರೆ, ಫೋನು ಇದೆ ಅನ್ನುತ್ತೆ. ನಗಬೇಡ.

ಹೂಂ, ಮತ್ತೆ ಹೋಗಿದ್ದೆ. ಈ ವರ್ಷ ಐದನೇ ಸಲ. ಪಾಪ, ಆ ಡಾಕ್ಟರಮ್ಮ ಬೈಯೋದಿಲ್ಲ. ಎದೆ ಮೇಲೆ ತಣ್ಣನೆ ಅಂಟು ಹಚ್ಚಿ, ಪರದೆ ನನ್ನ ಕಡೆ ತಿರುಗಿಸಿ, ನನ್ನ ಹೃದಯಾನೇ ತೋರಿಸಿದ್ರು. ಬಾಗಿಲು ತೆಗೆದು ಮುಚ್ಚಿ, ತೆಗೆದು ಮುಚ್ಚಿ, ಒಳ್ಳೇ ಲಿಫ್ಟಿನ ಥರಾನೇ ಇತ್ತು. “ನೋಡಿ, ಏನೂ ಇಲ್ಲ” ಅಂದ್ರು. ಮೊದಲನೇ ಸಲ ಆ ಮಾತು ನಂಗೆ ಒಂದು ತಿಂಗಳು ಬಾಳಿಕೆ ಬಂತು. ಆಮೇಲೆ ಒಂದು ವಾರ. ಈ ಸಲ ಅಂಗಿ ಗುಂಡಿ ಹಾಕೋದ್ರೊಳಗೆ ಮುಗಿದುಹೋಯ್ತು. ಯಾಕಂದ್ರೆ ಅವರು ಆಕಳಿಸಿದ್ರು, ನಾನು ನೋಡ್ದೆ. ಆಕಳಿಸೋವಾಗ ಕಣ್ಣು ಮುಚ್ಚುತ್ತೆ ಅಲ್ವಾ? ಆ ಒಂದು ಗಳಿಗೇಲಿ ಏನಾದ್ರೂ ಕಾಣಿಸಿಕೊಂಡು ಹೋಗಿದ್ರೆ?

ನಂಗೇ ನಾಚಿಕೆ ಆಗುತ್ತೆ. ಊರಿನ ಲಿಫ್ಟೆಲ್ಲ ಸರಿಮಾಡೋನು ಮೆಟ್ಟಿಲು ಹತ್ತಿ ಓಡಾಡ್ತೀನಿ. ಐದು ಮಹಡಿ ಹತ್ತೋಕೆ ಆದ್ರೆ ಹೃದಯ ಚೆನ್ನಾಗಿದೆ ಅಂತ ಲೆಕ್ಕ. ಹತ್ತಿದಮೇಲೆ ಹೊಡ್ಕೊಳುತ್ತೆ, ಆಗ ಹೊಡ್ಕೊಂಡಿದ್ದಕ್ಕೆ ಭಯ. ಹೋದ ವಾರ ಒಬ್ಬರು ಅಜ್ಜಿ ನಾನು ಸರಿಮಾಡಿದ ಲಿಫ್ಟಿಗೆ ಕಾಲೇ ಇಡಲಿಲ್ಲ. “ಏನೂ ಆಗಲ್ಲ ಅಜ್ಜಿ” ಅಂದೆ. ಎಷ್ಟು ಸಲೀಸಾಗಿ ಬಂತು ಗೊತ್ತಾ ಬಾಯಿಂದ! ಅವರು ಲಿಫ್ಟೊಳಗೆ ತೂಗುಹಾಕಿದ ರಿಪೇರಿ ಕಾರ್ಡಲ್ಲಿದ್ದ ನನ್ನ ಸಹಿ ನೋಡಲಿಲ್ಲ, ನನ್ನ ಮುಖ ನೋಡಿದ್ರು. ಕೊನೆಗೆ ಅವರ ಚೀಲ ಹಿಡ್ಕೊಂಡು ಮೂರು ಸಲ ಮೇಲೆ ಕೆಳಗೆ ಜೊತೇಲಿ ಹೋಗಿಬಂದೆ. ನಾಲ್ಕನೇ ಸಲ ಒಬ್ಬರೇ ಹೋದ್ರು. ನನ್ನ ಎದೆಯೊಳಗೆ ಯಾರು ಜೊತೆಗೆ ಬರ್ತಾರೆ ಹೇಳು.

ಅಪ್ಪನ ಸುದ್ದಿ ಎತ್ತಬಾರದು ಅಂತಿದ್ದೆ, ಬಾಯಿ ಕೇಳಲ್ಲ. ಅವರು ಎದೆ ನೋವು ಅಂತ ಮಲಗಿದಾಗ ನಾನು ದಿನಾ ಫೋನ್ ಮಾಡ್ತಿದ್ದೆನಲ್ಲ. “ಅಪ್ಪಂಗೆ ಏನೂ ಇಲ್ಲ ಕಣೋ, ಗ್ಯಾಸು, ನೀನು ಕೆಲಸ ನೋಡ್ಕೋ” ಅಂತ ನೀನು ಹೇಳ್ತಿದ್ದೆ. ಹದಿನೆಂಟು ದಿನ. ನಾನು ನಕ್ಕು, ರಾತ್ರಿ ಕಮ್ಮಿ ತಿನ್ನೋಕೆ ಹೇಳು ಅಂತ ಬುದ್ಧಿ ಬೇರೆ ಹೇಳಿದ್ದೆ. ಹತ್ತೊಂಬತ್ತನೇ ದಿನ ನೀನೇ “ಅಪ್ಪ ಇಲ್ಲ ಕಣೋ” ಅಂದೆ. ಅದೇ ದನಿ. ಅದೇ ‘ಇಲ್ಲ’. ನಾನು ಬಂದು ಮುಟ್ಟೋ ಹೊತ್ತಿಗೆ ಅವರ ಮಂಚ ಕೂಡ ಮಡಚಿ ಗೋಡೆಗೆ ಒರಗಿಸಿದ್ರಿ. ಅವತ್ತಿಂದ ಯಾರು ‘ಇಲ್ಲ’ ಅಂದ್ರೂ ನಂಗೆ ಮಡಚಿದ ಮಂಚಾನೇ ಕಾಣುತ್ತೆ.

ಸಾಕು, ಅಳಬೇಡ. ಅಮ್ಮಂಗೆ ಇದನ್ನ ಓದಿ ಹೇಳಬೇಡ. ದಪ್ಪ ಆಗಿದಾನಂತೆ ಅನ್ನು, ಖುಷಿಯಾಗ್ತಾಳೆ. ಅವಳ ಕಾಲಿಗೆ ನನ್ನ ನಮಸ್ಕಾರ, ನಿನಗೂ ಒಂದು, ನೀನು ಬೇಡ ಅಂದ್ರೂ.

ನಿನ್ನ
ಗಡಿಬಿಡಿ

ಹಾಂ, ಒಂದು ಬಿಟ್ಟುಹೋಯ್ತು. ಡಾಕ್ಟರಮ್ಮ ಇನ್ನು ಪರೀಕ್ಷೆ ಮಾಡಲ್ಲ ಅಂದ್ರು. “ಏನೂ ಇಲ್ಲ ಅಂತ ನಿಮಗೆ ಮೊದಲು ಹೇಳಿದ್ದು ಯಾರು?” ಅಂತ ಕೇಳಿದ್ರು. ಯಾರೂ ಇಲ್ಲ ಅಂದೆ. ಅಕ್ಕಾ, ಆ ಹದಿನೆಂಟು ದಿನ ಅಪ್ಪಂಗೆ ಏನಾಗಿದೆ ಅಂತ ನಿಂಗೆ ಗೊತ್ತಿತ್ತಾ? ಗೊತ್ತಿದ್ರೂ ಸಿಟ್ಟಿಲ್ಲ, ಆಣೆ ಮಾಡ್ತೀನಿ. ಆದ್ರೆ ಇದಕ್ಕೆ ಮಾತ್ರ “ಏನೂ ಇಲ್ಲ ಬಿಡೋ” ಅನ್ನಬೇಡ. ಇದ್ದಿದ್ದನ್ನ ‘ಇತ್ತು’ ಅಂತ ನಿನ್ನ ಬಾಯಲ್ಲೇ ಒಂದು ಸಲ ಕೇಳಿದ್ರೆ, ಇಲ್ಲ ಅಂದೋರನ್ನ ನಂಬೋದು ಹೇಗೆ ಅಂತ ಕಲೀತೀನೇನೋ. ಈ ಸಲ ಫೋನು ಬರ್ಕೊಂಡಿದ್ದನ್ನ ತಿದ್ದಲ್ಲ, ಹಾಗೇ ಕಳಿಸ್ತೀನಿ. ನಂಗೆ ಇದೆ ನೋವು.