ಬೆರಳು ಹೊರಗೆ

ಮಾರ್ಚ್ 3, ಸಂಜೆ

ಶೂಟಿಂಗ್ ರೇಂಜಲ್ಲಿ ಡೆಂಟಿಸ್ಟ್ ಮೇಡಂ ಇವತ್ತೂ ಎಲ್ಲ ಗುಂಡು ಎಡಗಡೆ ಕೆಳಕ್ಕೇ ಹೊಡೆದರು. ಗುರಿ ಸರಿ, ಕಣ್ಣು ಸರಿ. ಟ್ರಿಗರ್ ಒತ್ತುವ ಹೊತ್ತಿಗೆ ಮಾತ್ರ ಐದೂ ಬೆರಳು ಸೇರಿಸಿ ಹಿಂಡುತ್ತಾರೆ, ಹಾಲು ಕರೆದ ಹಾಗೆ.

"ಮೇಡಂ, ಒಂದೇ ಬೆರಳು ಕೆಲಸ ಮಾಡ್ಬೇಕು. ಉಳಿದಿದ್ದೆಲ್ಲ ಸತ್ತಂಗಿರ್ಲಿ."

"ಹಲ್ಲು ಕೀಳೋವಾಗ ಇಡೀ ಕೈ ಬೇಕಮ್ಮ."

"ಇದು ಹಲ್ಲಲ್ಲ. ಬೆರಳ ತುದಿ ಇಡಿ. ನೇರ ಹಿಂದಕ್ಕೆ, ಮೆಲ್ಲಗೆ ಒತ್ತಾ ಹೋಗಿ. ಯಾವಾಗ ಹಾರುತ್ತೆ ಅಂತ ಕಾಯ್ಬೇಡಿ. ಹಾರಿದಾಗ ನಿಮಗೇ ಆಶ್ಚರ್ಯ ಆಗ್ಬೇಕು. ಆಮೇಲೆ ಟ್ರಿಗರ್ ಬಳೆಯಿಂದ ಬೆರಳು ಹೊರಗೆ. ಗನ್ ಇಳಿಸೋಕೆ ಮುಂಚೆ."

ಇದನ್ನೇ ಹೇಳಿ ಹೇಳಿ ನಾಲಿಗೆ ಸವೆದಿದೆ. ನಿದ್ದೆಯಲ್ಲೂ 'ಬೆರಳು ಹೊರಗೆ' ಅಂತೀನಂತೆ, ಅಮ್ಮ ಹೇಳುತ್ತಾಳೆ.

ಬಾಗಿಲು ಹಾಕುವಾಗ ಕೋಚ್ ಸರ್ ಕರೆದರು. "ಸಿಡುಕಿ, ನಿಮ್ಮಪ್ಪ ಬಂದಿದ್ರು. ಮುಂದಿನ ತಿಂಗಳು ಅವರ ಕಂಪನಿ ಟೆಸ್ಟ್ ಇದೆಯಂತೆ. ಪಾಸಾದ್ರೆ ಮತ್ತೆ ಕ್ಯಾಶ್ ವ್ಯಾನ್ ಡ್ಯೂಟಿ, ಗನ್ ಸಮೇತ. ನೀನು ಹೇಳ್ಕೊಡು."

"ನಾನ್ಯಾಕೆ? ನೀವಿಲ್ವಾ?"

"ಮಗಳೇ ಬೇಕಂತೆ."

ಮಗಳೇ ಬೇಕಂತೆ. ಈಗ.

ಮಾರ್ಚ್ 4

ಅಪ್ಪ ನೇರವಾಗಿ ಕೇಳಲಿಲ್ಲ. ಅಮ್ಮನ ಬಾಯಲ್ಲಿ ಕೇಳಿಸಿದ. ಇಬ್ಬರೂ ಒಂದೇ ಮನೆಯಲ್ಲಿದ್ದೇವೆ, ಮಧ್ಯೆ ಅಮ್ಮ ಪೋಸ್ಟ್ ಆಫೀಸು.

ನಾಲ್ಕು ವರ್ಷದ ಹಿಂದೆ ಬ್ಯಾಂಕಿನ ಗೇಟಲ್ಲಿ ಅಪ್ಪನ ಪಿಸ್ತೂಲಿಂದ ಗುಂಡು ಹಾರಿತು. ಡ್ರೈವರ್ ಮಾವ ಸತ್ತ. ಸಂಬಂಧದ ಮಾವ ಅಲ್ಲ, ಅಪ್ಪನ ವ್ಯಾನಿನ ಡ್ರೈವರು. ನನ್ನನ್ನು ತೊಡೆ ಮೇಲೆ ಕೂರಿಸಿಕೊಂಡು ಸ್ಟೀರಿಂಗ್ ಹಿಡಿಸುತ್ತಿದ್ದವನು. ಅಪ್ಪ ಹೇಳಿದ್ದು ಒಂದೇ ಮಾತು — ಗನ್ನನ್ನ ಸೊಂಟದ ಪೌಚಿಗೆ ಹಾಕ್ತಿದ್ದೆ, ತಾನಾಗೇ ಹಾರ್ತು. ಹಳೇ ಗನ್. ಪೊಲೀಸರೂ ಹಾಗೇ ಬರೆದರು. ಮಾವನ ಹೆಂಡತಿ ಕೂಡ ನಂಬಿದಳು. ಇವತ್ತಿಗೂ ಅಪ್ಪನನ್ನು ಅಣ್ಣಾ ಅಂತಲೇ ಕರೆಯುತ್ತಾಳೆ.

ಕ್ಲಾಸಲ್ಲಿ ಒಬ್ಬ 'ಕೊಲೆಗಾರನ ಮಗಳು' ಅಂದ. ಬಾರಿಸಿದೆ. ಅವನ ಹಲ್ಲು ಮುರಿಯಿತು, ಒಂಬತ್ತನೇ ಕ್ಲಾಸಿಗೇ ನನ್ನ ಓದೂ ಮುಗಿಯಿತು. ಅದಕ್ಕೆ ಬೇಜಾರಿಲ್ಲ. ಯಾಕೆ ಹೊಡೆದೆ ಅಂತ ಅಪ್ಪ ಒಂದು ಸಲ ಕೇಳಬಹುದಿತ್ತು. ಕೇಳಲಿಲ್ಲ. ಸಿಟ್ಟು ಅದಕ್ಕೆ.

ಗನ್ನು ತಾನಾಗೇ ಹಾರುತ್ತದಾ ಅಂತ ತಿಳಿಯಲಿಕ್ಕೇ ನಾನು ರೇಂಜಿಗೆ ಕಸ ಗುಡಿಸಲು ಸೇರಿದ್ದು; ಗುಡಿಸುತ್ತಾ ಕಲಿತು, ಈಗ ಟ್ರಿಗರ್ ಹೇಳಿಕೊಡುತ್ತೇನೆ. ಕೋಚ್ ಸರ್‌ನ ಕೇಳಿದ್ದೆ. "ಅಪರೂಪಕ್ಕೆ" ಅಂದರು. ಅಪರೂಪಕ್ಕೆ ಅಂದರೆ ಹಾರುತ್ತದೆ ಅಂತ ತಾನೆ. ನನಗೆ ಅಷ್ಟು ಸಾಕಿತ್ತು.

ಹೇಳಿಕೊಡ್ತೀನಿ. ಪಾಸು ಮಾಡಿಸ್ತೀನಿ. ಆ ಗೇಟಲ್ಲೇ ಮತ್ತೆ ಎದೆ ಸೆಟೆಸಿ ನಿಲ್ಲಲಿ. ಎಲ್ಲರೂ ನೋಡಲಿ.

ಮಾರ್ಚ್ 8

ಖಾಲಿ ಗನ್. ಬಿಳಿ ಗೋಡೆ. ಅಪ್ಪ ನಿಲ್ಲುವುದು ಚೆನ್ನಾಗಿದೆ, ತೋಳು ಅಲ್ಲಾಡಲ್ಲ. ಟ್ರಿಗರ್‌ಗೆ ಬಂದರೆ ಮುಗಿಯಿತು... ಗಬಕ್ಕನೆ ಎಳೆದು ಕಣ್ಣು ಮುಚ್ಚುತ್ತಾನೆ.

"ಎಳೀಬೇಡ. ಒತ್ತಾ ಇರು. ಯಾವಾಗ ಹಾರುತ್ತೆ ಅಂತ ನಿಂಗೇ ಗೊತ್ತಾಗ್ಬಾರ್ದು."

ಅಪ್ಪ ಗನ್ ಟೇಬಲ್ ಮೇಲಿಟ್ಟ. ಹೊರಗೆ ಹೋಗಿ ನಲ್ಲಿ ಬಿಟ್ಟು ಮುಖ ತೊಳೆದ. ಒರೆಸಿಕೊಳ್ಳಲೂ ಇಲ್ಲ, ಹಾಗೇ ಬಂದ.

"ಬೇರೆ ಥರ ಹೇಳ್ಕೊಡು."

"ಬೇರೆ ಥರ ಇಲ್ಲ."

"ಗೊತ್ತಿಲ್ದೆ ಹಾರೋದು ನಂಗೆ ಬೇಡ ಮಗಾ."

ಆಗ ಹೊಳೆಯಿತು ನನಗೆ, ಏನು ಹೇಳಿದೆ ಅಂತ. ನನ್ನ ಬಾಯಿಗಿಷ್ಟು ಮಣ್ಣು ಹಾಕ. ಸಾರಿ ಅನ್ನಬೇಕಿತ್ತು. "ನಾಳೆ ಟೈಮಿಗೆ ಬಾ" ಅಂದೆ.

ಮಾರ್ಚ್ 11

ಬೇರೆ ಥರ ಇದೆ. ಕೋಚ್ ಸರ್ ತೋರಿಸಿದರು. ಗುರಿ ಅಪ್ಪ ಹಿಡಿಯಬೇಕು. ಅವನ ಬೆರಳ ಮೇಲೆ ನನ್ನ ಬೆರಳು. ಒತ್ತುವುದು ನಾನು.

ಗುಂಡು ತುಂಬಿದೆ. ಅಪ್ಪನ ಬೆರಳು ಮರದ ತುಂಡಿನ ಹಾಗೆ. ಉಗುರಿನ ಹತ್ತಿರ ಹಳೇ ಗಾಯ. ಈ ಕೈ ಹಿಡಿದು ಎಷ್ಟು ಕಾಲವಾಯಿತೋ.

"ಈಗ ಒತ್ತಾ ಇದೀನಿ. ಇನ್ನೂ ಒತ್ತಾ ಇದೀನಿ. ನೀನು ಸೈಟ್ ಮಾತ್ರ ನೋಡು."

ಹಾರಿತು. ನಟ್ಟ ನಡುವೆ. ಮತ್ತೊಂದು, ಅದರ ಪಕ್ಕದಲ್ಲೇ.

"ಯಾರು ಹೊಡ್ದಿದ್ದು ಇದು, ನೀನಾ ನಾನಾ?" ಅಂದ ಅಪ್ಪ.

"ಬೆರಳು ನಂದು, ಕಣ್ಣು ನಿಂದು. ಟೆಸ್ಟಿಗೆ ನನ್ನೂ ಕರ್ಕೊಂಡು ಹೋಗು, ಜೇಬಲ್ಲಿಟ್ಕೊಂಡು."

ನಕ್ಕ. ಸದ್ದು ಬರುವ ಹಾಗೆ ನಕ್ಕ. ದಾರಿಯಲ್ಲಿ ಸೈಕಲ್ ತಳ್ಳಿಕೊಂಡು ಬಂದೆವು, ಇಬ್ಬರೂ ಒಂದೇ ಪಕ್ಕ.

ಮಾರ್ಚ್ 16

ಬರೆಯಲು ಕೈ ಬರುತ್ತಿಲ್ಲ. ಬರೆದೇ ತೀರಬೇಕು.

ಅಪ್ಪ ಒಬ್ಬನೇ ಹೊಡೆಯುತ್ತಿದ್ದಾನೆ ಈಗ. ಕಣ್ಣು ಮುಚ್ಚಲ್ಲ. ಇವತ್ತು ಸೊಂಟದ ಪೌಚ್ ಅಭ್ಯಾಸ. ಟೆಸ್ಟಲ್ಲಿ ಅದೂ ಇದೆ — ತೆಗೆದು, ಗುರಿ ಹಿಡಿದು, ವಾಪಸ್ ಹಾಕಬೇಕು. ಗುಂಡು ಇದೆಯೋ ಇಲ್ಲವೋ ಹೇಳದೆ ಗನ್ ಕೊಡುವುದು ನಮ್ಮ ರೂಢಿ, ಕೈ ಬೆದರುತ್ತದಾ ನೋಡಲು. ಖಾಲಿಯದನ್ನು ಕೊಟ್ಟೆ.

"ಗುರಿ ಹಿಡಿ. ಹೊಡೀಬೇಡ. ಪೌಚಿಗೆ ಹಾಕು."

ಅಪ್ಪ ಟಾರ್ಗೆಟ್ಟನ್ನೇ ನೋಡುತ್ತಾ ಗನ್ ಇಳಿಸಿದ. ಬೆರಳು ಒಳಗೇ ಇತ್ತು. ಪೌಚಿನ ಅಂಚು ಬೆರಳಿಗೆ ತಾಗಿತು. ಬೆರಳು ಟ್ರಿಗರ್‌ಗೆ.

ಟಿಕ್.

ಅವನ ತೊಡೆಯ ಪಕ್ಕ. ಅಷ್ಟು ಸಣ್ಣ ಸದ್ದು.

ಅಪ್ಪ ನನ್ನ ಕಡೆ ನೋಡಲಿಲ್ಲ. ನಾನೂ ಅವನ ಕಡೆ ನೋಡಲಿಲ್ಲ. ಡೆಂಟಿಸ್ಟ್ ಮೇಡಂ ಆ ಕಡೆ ಲೈನಲ್ಲಿ "ಇವತ್ತು ನಡುವೆ ಬಿತ್ತು ನೋಡಮ್ಮ" ಅಂತ ಕೂಗುತ್ತಿದ್ದರು. ಹೋಗಿ ನೋಡಿದೆ. ಚೆನ್ನಾಗಿದೆ ಮೇಡಂ ಅಂದೆ.

ಮಾರ್ಚ್ 17

ಆ ಗೇಟಲ್ಲಿ ಹಾರಿದ್ದು ಹಳೇ ಗನ್ನಿನ ತಪ್ಪಲ್ಲ.

ಮಾರ್ಚ್ 25

ಒಂದು ವಾರ ರೇಂಜಿಗೆ ಅಪ್ಪನೂ ಬರಲಿಲ್ಲ, ನಾನೂ ಕರೆಯಲಿಲ್ಲ. ಇವತ್ತು ಅಮ್ಮ ಅಂಗಡಿಗೆ ಹೋದಾಗ ಅಡುಗೆಮನೆಯಲ್ಲಿ ಎದುರಿಗೆ ನಿಂತೆ.

"ಗೊತ್ತಿತ್ತಾ ನಿಂಗೆ?"

ಲೋಟ ತೊಳೆಯುತ್ತಿದ್ದ. ತೊಳೆದ ಲೋಟವನ್ನೇ ಮತ್ತೆ ತೊಳೆದ.

"ಮೊದಲ್ನೇ ದಿನ ಗೊತ್ತಿರ್ಲಿಲ್ಲ. ಆಣೆಗೂ. ತಾನಾಗೇ ಹಾರ್ತು ಅಂತ್ಲೇ ಅನ್ಸಿತ್ತು. ಆಮೇಲೆ ಹೇಳ್ತಾ ಹೇಳ್ತಾ... ಎಲ್ರೂ ನಂಬಿದ್ರು. ನಾನೂ ನಂಬ್ದೆ. ಟಿಕ್ ಅಂದಿತಲ್ಲ ಮೊನ್ನೆ, ಆವಾಗ ಕೈಗೆ ನೆನಪಾಯ್ತು."

"ನಾನು ಹಲ್ಲು ಮುರಿದು ಬಂದೆ ನಿನಗೋಸ್ಕರ. ಸ್ಕೂಲ್ ಬಿಟ್ಟೆ."

"ಗೊತ್ತು."

"ಗೊತ್ತಿದ್ರೆ ಯಾಕೆ ಕೇಳಿಲ್ಲ ಒಂದಿನ?"

"ಕೇಳಿದ್ರೆ ನೀನು ನನ್ ಪರ ಮಾತಾಡ್ತಿದ್ದೆ. ಕೇಳೋ ಧೈರ್ಯ ಇರ್ಲಿಲ್ಲ."

ಬೈಯಲು ಎಷ್ಟೊಂದು ಮಾತು ಕೂಡಿಟ್ಟಿದ್ದೆ ನಾಲ್ಕು ವರ್ಷ. ಅವನ ಕೈ ಹಿಡಿದು ತೋರುಬೆರಳನ್ನು ನೆಟ್ಟಗೆ ಮಾಡಿದೆ. "ಇಲ್ಲಿ. ಗನ್ನಿನ ಮೈಗೆ ಅಂಟಿರ್ಬೇಕು. ಗುರಿ ಹಿಡಿಯೋವರ್ಗೂ ಇಲ್ಲೇ. ಇಳಿಸೋಕೆ ಮುಂಚೆ ಮತ್ತೆ ಇಲ್ಲೇ." ಅವನ ಕೈಯಲ್ಲಿ ಲೋಟ ಇತ್ತು. ಲೋಟದ ಮೇಲೆಯೇ ಹೇಳಿಕೊಟ್ಟೆ.

ಅಮ್ಮ ಬಂದಳು. "ಏನಿದು, ಅಪ್ಪ ಮಗಳು ಲೋಟಕ್ಕೆ ಗುರಿ ಕಲಿಸ್ತಿದೀರಾ?"

ಅಪ್ಪ ಲೋಟ ಕವುಚಿ ಇಟ್ಟ.

ಏಪ್ರಿಲ್ 2

ಟೆಸ್ಟ್. ಕಂಪನಿಯ ಆಫೀಸರು ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಗಾಜಿನ ಹಿಂದೆ.

ಅಪ್ಪ ಟಾರ್ಗೆಟ್ ನೋಡಿದ. ನಾನು ಟಾರ್ಗೆಟ್ ನೋಡಲಿಲ್ಲ, ಬೆರಳು ನೋಡಿದೆ. ಪ್ರತಿ ಗುಂಡು ಹಾರಿದ ಮೇಲೂ ಹೊರಗೆ, ನೆಟ್ಟಗೆ. ಪೌಚಿಗೆ ಹಾಕುವಾಗ ಕಣ್ಣು ಕೆಳಗಿಳಿಸಿ, ಬೆರಳು ನೋಡಿಕೊಂಡು, ಮಗುವನ್ನು ಮಲಗಿಸಿದ ಹಾಗೆ ಹಾಕಿದ. ಒಂದು ಸಲವೂ ತಪ್ಪಲಿಲ್ಲ.

"ಪಾಸ್" ಅಂದರು ಆಫೀಸರು. ಕೋಚ್ ಸರ್ ನನ್ನ ಬೆನ್ನು ತಟ್ಟಿದರು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ ಅಪ್ಪ. ಬೆರಳು ಮಡಚಿದ, ಬಿಚ್ಚಿದ.

"ಇಷ್ಟೇನಾ?"

"ಏನು?"

"ಬೆರಳು ಇಷ್ಟು ಈಚೆಗೆ ಇಟ್ಕೊಂಡಿದ್ರೆ ಸಾಕಿತ್ತಾ? ಇಷ್ಟೇ ಇತ್ತಾ ಮಗಾ?"

ನಾನು ಟ್ರಿಗರ್ ಹೇಳಿಕೊಡುವವಳು. ಹೌದು, ಇಷ್ಟೇ. ದಿನಾ ನೂರು ಸಲ ಹೇಳುತ್ತೇನೆ. ಅವನಿಗೆ ಹೌದು ಅನ್ನಲು ಬಾಯಿ ಬರಲಿಲ್ಲ. ಪಕ್ಕದಲ್ಲಿ ಕೂತೆ.

ಆಮೇಲೆ ಅಪ್ಪ ಅಂದ, "ವ್ಯಾನ್ ಡ್ಯೂಟಿ ಬೇಡ ಅಂತ ಹೇಳ್ಬಿಟ್ಟೆ. ನಾಳೆ ನಿನ್ ಡ್ರೈವರ್ ಮಾವನ ಹೆಂಡ್ತಿ ಹತ್ರ ಹೋಗ್ತೀನಿ. ಅವಳಿಗೆ ಹೇಳ್ಬೇಕು."

"ಹೇಳಿದ್ರೆ ಅಣ್ಣಾ ಅಂತ ಕರೆಯೋದಿಲ್ಲ ಇನ್ಮೇಲೆ."

"ಕರೀಬಾರ್ದು."

ಏಪ್ರಿಲ್ 3, ಬೆಳಿಗ್ಗೆ

ಅಪ್ಪ ಶೇವ್ ಮಾಡಿಕೊಂಡ. ಯೂನಿಫಾರ್ಮ್ ಬೇಡ ಅಂತ ಮಾಮೂಲಿ ಶರ್ಟ್ ಹಾಕಿಕೊಂಡ. ಅಮ್ಮನಿಗೆ ರಾತ್ರಿಯೇ ಹೇಳಿದನಂತೆ. ಅವಳು ಒಲೆಯ ಹತ್ತಿರ ನಿಂತೇ ಇದ್ದಾಳೆ, ಒಲೆ ಹಚ್ಚಿಲ್ಲ.

ನನ್ನನ್ನು ಕರೆಯಲಿಲ್ಲ. ಒಬ್ಬನೇ ಹೋಗ್ತೀನಿ, ನೀನು ರೇಂಜಿಗೆ ಹೋಗು ಅಂದ. ಹೋಗಲಿ ಅಂದುಕೊಂಡೆ. ಅವನ ಬೆರಳು, ಅವನ ಬಾಯಿ. ಅವನೇ ಹೇಳಲಿ. ನಾನ್ಯಾಕೆ ಅಲ್ಲಿ ನಿಂತು ಮಾವನ ಹೆಂಡತಿಯ ಮುಖ ನೋಡಬೇಕು.

ಚಪ್ಪಲಿ ಹಾಕಿಕೊಳ್ಳುತ್ತಿದ್ದಾನೆ. ಬಾಗಿಲು ತೆಗೆದ. ಗೇಟಿನ ತನಕ ಹೋಗಿ ನಿಂತಿದ್ದಾನೆ, ಮುಂದಕ್ಕೆ ಹೋಗ್ತಿಲ್ಲ, ಚಿಲಕದ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ... ಅಪ್ಪಾ ಇರು, ನಾನೂ ಬರ್ತೀ—