ಎಂಟು ಮಾರು

ವ್ಯಾರೊಯ್ ದ್ವೀಪ, ಲೊಫೊಟೆನ್, ನಾರ್ವೆ
18 ಮಾರ್ಚ್ 1940, ಸೋಮವಾರ

ಪ್ರೀತಿಯ ಮೊಮ್ಮಗ ಇಂಗ್ವಾಲ್‌ಗೆ,

ಕೆಮ್ಮು ಬಿಟ್ಟಿತೇ? ನಾನು ಹೆಣೆದು ಕಳಿಸಿದ ಉಣ್ಣೆಯ ಒಳಂಗಿ ತೊಡುತ್ತೀಯೋ, ಚುಚ್ಚುತ್ತದೆಂದು ಚೀಲದ ತಳಕ್ಕೆ ತುರುಕಿದ್ದೀಯೋ? ಮಂಡಿ ನೋವು ಬಿಟ್ಟರೆ ನಾನು ಗಟ್ಟಿಯಾಗಿದ್ದೇನೆ. ಈ ಸಲ ಮೀನು ಚೆನ್ನಾಗಿ ಬಂದು ಒಣಹಾಕುವ ಗಳಗಳೆಲ್ಲ ತುಂಬಿವೆ. ಕೈ ಬೇಕಾದ ಹೊತ್ತಿಗೇ ನಿನ್ನನ್ನು ನೌಕಾದಳಕ್ಕೆ ಎಳೆದುಕೊಂಡು ಹೋದರು.

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಇಷ್ಟುದ್ದದ ಕರಾವಳಿಗೆ ಮೂರು ಪಾಲು, ಪಾಲಿಗೊಬ್ಬ ದೊಡ್ಡ ಅಧಿಕಾರಿ, ಬೆರಳಲ್ಲಿ ಎಣಿಸುವಷ್ಟು ಹಡಗು. ಸಾಲದ್ದಕ್ಕೆ ಮೀನುದೋಣಿಗಳನ್ನು ಬಾಡಿಗೆಗೆ ಹಿಡಿದು, ಮೂತಿಗೊಂದು ಫಿರಂಗಿ ಕೂರಿಸಿ ಕಾವಲಿಗೆ ಬಿಟ್ಟಿದ್ದಾರೆ. ಪಕ್ಕದ ಮನೆ ಓಲುಫ್‌ನ ದೋಣಿಯೂ ಹೋಯಿತು. “ಇನ್ಮೇಲೆ ನನ್ನನ್ನ ಕ್ಯಾಪ್ಟನ್ ಅನ್ಬೇಕು, ಗುರೀನಕ್ಕ” ಅಂದ. “ನಿಂಗೆ ಮೀನೇ ಹೆದರಲ್ಲ, ಜರ್ಮನಿಯವ್ರು ಹೆದರ್ತಾರಾ?” ಅಂದೆ. ಅವನು ನಕ್ಕ. ನನಗೆ ನಗು ಬರಲಿಲ್ಲ.

ನೀನಿರುವ ಹಡಗಿನಲ್ಲಿ ನಿನ್ನಜ್ಜ ಚಾಕರಿ ಮಾಡಿದಾಗ ಅದು ಹೊಸದು. ಅವರು ಮಣ್ಣು ಸೇರಿ ಹನ್ನೆರಡು ವರ್ಷವಾಯಿತು, ಹಡಗಿಗೆ ಮಾತ್ರ ಬಿಡುಗಡೆಯಿಲ್ಲ. ನಾವು ಯಾರ ಜಗಳಕ್ಕೂ ಹೋಗುವವರಲ್ಲ, ಹೆದರಬೇಡ ಎಂದು ಪಾದ್ರಿ ಹೇಳಿದರು. ಜಗಳವೇ ನಮ್ಮಲ್ಲಿಗೆ ಬಂದರೆ ಎಂದು ಕೇಳಿದೆ. ಕಾಫಿ ಮುಗಿಸಿ ಎದ್ದು ಹೋದರು.

ಯಾರಿಗೆ ಈಜು ಬರುತ್ತದೆಂದು ಅಧಿಕಾರಿ ಕೇಳಿದಾಗ ನಮ್ಮ ಕಡೆಯ ಹುಡುಗರಲ್ಲಿ ಒಬ್ಬನೂ ಕೈ ಎತ್ತಲಿಲ್ಲವೆಂದು ಬರೆದಿದ್ದೀಯ. “ಈಜು ಬಂದವ್ನು ನಿಧಾನಕ್ಕೆ ಸಾಯ್ತಾನೆ ಅಂತಾಳೆ ನಮ್ಮಜ್ಜಿ” ಎಂದು ನೀನು ಹೇಳಿದ್ದಕ್ಕೆ ಎಲ್ಲರೂ ನಕ್ಕರಂತೆ. ಹೌದು, ನಾನೇ ಹೇಳಿದ್ದು. ನನಗೆ ನನ್ನಮ್ಮ ಹೇಳಿದ್ದು. ಈ ಕೊರೆಯುವ ನೀರಿನಲ್ಲಿ ಒದ್ದಾಡುವುದೇಕೆ, ಬೇಗ ಮುಗಿಯಲಿ ಎಂದು. ಏಳು ವರ್ಷದವನಿದ್ದಾಗ ನೀನು ನಮ್ಮ ದೋಣಿಕಟ್ಟೆಯ ಬಳಿ ನೀರಿಗಿಳಿದೆಯೆಂದು ಹಗ್ಗದಲ್ಲಿ ಬಾರಿಸಿದ್ದೆ. ಆ ಏಟು ಈಗ ನನಗೆ ಬೀಳುತ್ತಿದೆ.

ದೇವರು ನಿನ್ನನ್ನೂ ಆ ಮುದಿ ಹಡಗನ್ನೂ ನೀರಿನ ಮೇಲೆಯೇ ಇಟ್ಟಿರಲಿ. ಓಲುಫ್‌ನ ಹೆಂಡತಿ ನಿನ್ನನ್ನು ಕೇಳಿದಳು.

ನಿನ್ನ ಅಜ್ಜಿ,
ಗುರೀನೆ

ಬಿಟ್ಟುಹೋದದ್ದು: ಅಂಚೆ ಹಡಗು ಕೂಗುತ್ತಿದೆ, ಬೇಗ ಬರೆಯುತ್ತೇನೆ. ನಿನ್ನಪ್ಪ ನಡುಗಡಲಿನ ಬಿರುಗಾಳಿಗೆ ಸಿಕ್ಕಿ ಸತ್ತ ಎಂದು ನಾನು ಹೇಳಿದ್ದು ಸುಳ್ಳು. ಅಂದು ಗಾಳಿಯೇ ಇರಲಿಲ್ಲ. ದೋಣಿ ಮಗುಚಿದ್ದು ನಮ್ಮ ಕಟ್ಟೆಯಿಂದ ಎಂಟು ಮಾರು ದೂರದಲ್ಲಿ. ನನ್ನ ಕೈಯಲ್ಲಿದ್ದ ಹಗ್ಗ ಆರು ಮಾರು. ಅವನು ಬೇಗ ಸಾಯಲಿಲ್ಲ, ಇಂಗ್ವಾಲ್. “ಅಮ್ಮಾ, ಇನ್ನೊಂಚೂರು ದೂರ ಎಸಿ” ಅಂತಲೇ ಇದ್ದ. ಹಡಗಿನಲ್ಲಿ ಈಜು ಬಲ್ಲವನ ಕಾಲು ಹಿಡಿದಾದರೂ ಕಲಿತುಕೋ. ಎರಡು ಮಾರು ಸಾಕು, ಅಷ್ಟಾದರೂ ಕಲಿ.