ಎರಡು ಬೊಗಸೆ ಹಣ್ಣು

ಜಾವಳಿ
12 ಫೆಬ್ರವರಿ 2006

ಡಾಕ್ಟರಾಗಲು ಹೊರಟಿರುವ ಅಣ್ಣ ಉಮೇಶನಿಗೆ ತಂಗಿ ಧನ್ಯಶ್ರೀ ಮಾಡುವ ನಮಸ್ಕಾರ.

ನಿನ್ನ ದಪ್ಪ ಕವರು ಸೋಮವಾರ ತಲುಪಿತು. ಅವ್ವ ಮುಟ್ಟಿ ನೋಡಿ, ಮಗ ಸೀರೆ ಕಳಿಸಿದ್ದಾನೆ ಅಂದುಕೊಂಡಳು. ಒಡೆದರೆ ಹದಿನಾಲ್ಕು ಪ್ರಶ್ನೆಗಳ ಫಾರಂ. ಕಾಫಿ ಕೊಯ್ಯುವ ಹೆಂಗಸರು ಹಣ್ಣು ಹಂಚಿಕೊಳ್ಳುವ ಬಗ್ಗೆ ಅವ್ವನನ್ನು ಕೇಳಿ ತುಂಬಿಸಬೇಕಂತೆ. ನನಗೆ ವಿಷಯ ತಿಳಿಯಲೆಂದು, ಸೀಟಿಗೆ ಅರ್ಜಿ ಹಾಕಿದಾಗ ಬರೆದ ಪ್ರಬಂಧದ ಜೆರಾಕ್ಸನ್ನೂ ಇಟ್ಟಿದ್ದೀಯ. ಉಪಕಾರವಾಯಿತು. ತಿಳಿಯಿತು.

ಕುದುರೆಮುಖದ ಗಣಿ ಮುಚ್ಚುತ್ತದೆಂದು ಮಾತಾಗುತ್ತಿದ್ದಾಗ ನೀನು ಅಲ್ಲಿ ಜೂನಿಯರ್ ಇಂಜಿನಿಯರ್. ಮ್ಯಾನೇಜ್‌ಮೆಂಟಿನಲ್ಲಿ ಪಿಎಚ್.ಡಿ. ಮಾಡುತ್ತೇನೆಂದು ಹೊರಟೆ. "ಯಂತ್ರ ಗೊತ್ತಿರೋನಿಗೆ ಮನುಷ್ಯರ ವಿಷ್ಯ ಏನು ಗೊತ್ತು ಅಂತ ಕೇಳ್ತಾರೆ ಮಾರಾಯ್ತಿ, ಏನು ಬರೀಲಿ?" ಅಂತ ಒಲೆ ಮುಂದೆ ಕೂತು ಗೋಳಾಡಿದೆ. ಅವ್ವನಿಗೆ ಕರುಳು ಚುರ್ ಅಂತು. ಇಪ್ಪತ್ತು ವರ್ಷ ತೋಟದ ಕೂಲಿ ಲೈನಿನ ಹೆಂಗಸರು ಬಾಯಿ ಬಿಡದ ಗುಟ್ಟನ್ನು ನಿನ್ನ ಮುಂದೆ ಬಿಚ್ಚಿದಳು. ಸಂಜೆ ತೂಕಕ್ಕೆ ನಿಲ್ಲುವ ಮೊದಲು ಕೈ ಚುರುಕಿದ್ದವರು ಮುದುಕಿ ಮುತ್ತಮ್ಮನ ಚೀಲಕ್ಕೆ ಎರಡೆರಡು ಬೊಗಸೆ ಹಣ್ಣು ಸುರಿಯುತ್ತಿದ್ದರು. ಯಾರ ತೂಕವೂ ಕಡಿಮೆ ಬೀಳುತ್ತಿರಲಿಲ್ಲ, ಯಾರ ಕೆಲಸವೂ ಹೋಗುತ್ತಿರಲಿಲ್ಲ. "ಸಾವ್ಕಾರ್ರಿಗೆ ಗೊತ್ತಾಗ್ಬಾರ್ದು ಮಗಾ" ಅಂದಿದ್ದಳು.

ಚೆಂದ ಬರೆದಿದ್ದೀಯ. ನನ್ನ ಪಿಯುಸಿ ಇಂಗ್ಲಿಷಿನಲ್ಲಿ ತಡಕಾಡಿ ಓದಿದೆ. ತೊಲೆಯ ಭಾರ ಕಂಬಗಳಿಗೆ ಹಂಚಿಹೋಗುವುದನ್ನು ಕಾಲೇಜಿನಲ್ಲಿ ಕಲಿತೆ, ಮನುಷ್ಯರ ನಡುವೆ ಹಂಚಿಹೋಗುವುದನ್ನು ತಾಯಿಯಿಂದ ಕಲಿತೆ ಎಂಬ ಸಾಲಿಗೆ ಕಣ್ಣು ಒದ್ದೆಯಾಯಿತು. ಆಮೇಲೆ ಕೊನೆಯ ಹಾಳೆ ತಿರುಗಿಸಿದೆ. ನಮ್ಮ ಸಾಹುಕಾರ್ ಶಾಂತವೀರಪ್ಪನವರ ಶಿಫಾರಸು ಪತ್ರ. "ಪ್ರಬಂಧ ಓದಿದೆ. ನನ್ನದೇ ತೋಟದಲ್ಲಿ ನನಗೆ ಕಾಣದ್ದು ಈ ಹುಡುಗನಿಗೆ ಕಂಡಿದೆ" ಅಂತ ಬರೆದು ಸಹಿ ಹಾಕಿದ್ದಾರೆ.

ಯಾರಿಗೆ ಗೊತ್ತಾಗಬಾರದೋ ಅವರ ಕೈಗೇ ಟೈಪ್ ಮಾಡಿಸಿ ಕೊಟ್ಟು, ಮೆಚ್ಚುಗೆ ಬರೆಸಿಕೊಂಡು ಬಂದೆಯಲ್ಲ! ಓದು ಬರಹ ಇಲ್ಲದವರು ಯಾರೂ ಇಂಥ ಕೆಲಸ ಮಾಡುತ್ತಿರಲಿಲ್ಲ.

ನಿನಗೆ ಸೀಟು ಸಿಕ್ಕಿದ ವರ್ಷದ ಕೊಯ್ಲಿಗೇ ತಕ್ಕಡಿ ತೋಟದೊಳಗೆ ಬಂತು. ಒಬ್ಬೊಬ್ಬರದೂ ಅವರವರ ಸಾಲಿನ ತುದಿಯಲ್ಲೇ ತೂಕ. ಮೂರನೇ ವಾರಕ್ಕೆ ತೂಕ ಸಾಲದೆಂದು ಮುತ್ತಮ್ಮನನ್ನು ಕೆಲಸದಿಂದ ಬಿಡಿಸಿದರು. ಸಾಹುಕಾರರಿಗೆ ಗುಟ್ಟು ಹೇಳಿಕೊಟ್ಟವಳು ಹೊಸದಾಗಿ ಕೆಲಸಕ್ಕೆ ಬಂದಿದ್ದ ಪ್ರೇಮಕುಮಾರಿಯೇ ಅಂತ ಅವ್ವ ತೀರ್ಮಾನಿಸಿದಳು. ಅವಳ ಬಾಗಿಲಿಗೆ ಮಣ್ಣು ತೂರಿ, "ಯಾರು ಹೇಳ್ಕೊಟ್ರೋ ಅವ್ರನ್ನ ಹೆತ್ತೋಳ ಅನ್ನ ಹೋಗ್ಲಿ" ಅಂತ ಶಾಪ ಹಾಕಿದಳು. ಆ ಹುಡುಗಿ ಅಳುತ್ತಾ ಆಣೆ ಮಾಡಿದಳು. ಯಾರೂ ನಂಬಲಿಲ್ಲ. ನೀರಿಗೆ ಬಂದವಳಿಗೆ ನಾನೂ ಕೊಡ ಎತ್ತಿಕೊಡಲಿಲ್ಲ. ತಿಂಗಳೊಳಗೆ ಗಂಟು ಕಟ್ಟಿಕೊಂಡು ಸಂಸೆಯ ತವರಿಗೆ ಹೋದಳು.

ಈ ವರ್ಷ ಅವ್ವನ ಕೈ ನಡುಗತೊಡಗಿತು. ಅಷ್ಟು ವರ್ಷ ಬೇರೆಯವರ ಚೀಲಕ್ಕೆ ಸುರಿದವಳು, ಈಸಿಕೊಳ್ಳುವ ಸರದಿ ಬಂದಾಗ ಒಬ್ಬಳೇ ತಕ್ಕಡಿ ಮುಂದೆ ನಿಂತಳು. ಸಂಕ್ರಾಂತಿ ಕಳೆದ ಮೂರನೇ ದಿನ ನಾಳೆಯಿಂದ ಬರಬೇಡ ಅಂದರು. ಓದುವ ಮಗ ಚಿಂತೆ ಮಾಡುತ್ತಾನೆ, ಫೋನಿನಲ್ಲಿ ಹೇಳಬೇಡ ಅಂದಿದ್ದಳು. ಹಾಕಿದ ಶಾಪ ಎಲ್ಲೂ ದಾರಿ ತಪ್ಪಲಿಲ್ಲ ನೋಡು.

ಫಾರಂ ತುಂಬಿಸಿದ್ದೇನೆ. ಹನ್ನೊಂದನೇ ಪ್ರಶ್ನೆ, ಈ ಪದ್ಧತಿ ನಿಂತಿದ್ದರೆ ಕಾರಣವೇನು? ಅವ್ವ ಹೇಳಿದ ಹಾಗೇ ಬರೆದಿದ್ದೇನೆ: ಪ್ರೇಮಕುಮಾರಿ ಚಾಡಿ ಹೇಳಿದ್ದರಿಂದ. ಹೆಬ್ಬೆಟ್ಟು ಒತ್ತುವಾಗ "ನನ್ ಮಗನ ಪುಸ್ತಕದಲ್ಲಿ ಅವಳ ಹೆಸ್ರು ಬರ್ಲಿ, ಬಿಡ್ಬೇಡ" ಅಂದಳು. ಉತ್ತರ ತಪ್ಪಿದ್ದರೆ ತಿದ್ದಿಕೋ. ಅಲ್ಲಿ ಕೂತಲ್ಲ, ಯುಗಾದಿಗೆ ಬಂದು ಅವ್ವನ ಮುಂದೆ ಕೂತು. ನಾನಂತೂ ಹೇಳುವುದಿಲ್ಲ. ಅವಳಿಗೆ ಹೆಮ್ಮೆ ಅಂತ ಉಳಿದಿರುವುದು ನೀನೊಬ್ಬನೇ, ಅದನ್ನು ಕಿತ್ತುಕೊಳ್ಳುವ ಕೆಲಸವನ್ನೂ ನೀನೇ ಮಾಡು.

"ಬರೆಯೋ ಕೈ ಅವಂದು, ಯಾವತ್ತೂ ನಡುಗದೆ ಇರ್ಲಿ" ಅಂತ ಅವ್ವನ ಆಶೀರ್ವಾದ. ಒಂದೇ ಒಂದು ಸಲ ನಡುಗಲಿ ಅಂತ ನನ್ನ ಹಾರೈಕೆ.

ಇತಿ ನಿನ್ನ ತಂಗಿ,
ಧನ್ಯಶ್ರೀ